ಬೊಮ್ಮಮ್ಮ ಎದ್ದು ಹೋದ ಸಭೆ

ಪಿಡಿಒ ಶಿವಶಂಕರ ಹನ್ನೆರಡು ವರ್ಷದಲ್ಲಿ ಐದು ಪಂಚಾಯ್ತಿ ಅಧ್ಯಕ್ಷರನ್ನು ಕಂಡವನು. ಹೊಸ ರಸ್ತೆ ಯಾರ ತೋಟದ ಕಡೆ ತಿರುಗುತ್ತದೆ ಅನ್ನುವುದನ್ನು ಅಧ್ಯಕ್ಷರ ಹೆಸರು ಕೇಳಿಯೇ ಹೇಳಿಬಿಡುತ್ತಿದ್ದ. ಹಂಪಾಪುರದಾಚೆ ಕಾಡಂಚಿನ ಗಿರಿಜನರ ಹಾಡಿಯ ಬೊಮ್ಮಮ್ಮ ಅಧ್ಯಕ್ಷೆಯಾದಾಗಲೂ ಅವನು ಬೇರೇನನ್ನೂ ಎದುರುನೋಡಲಿಲ್ಲ.

ಆ ಬೇಸಿಗೆ ಹಾಡಿಗೆ ಕುಡಿಯುವ ನೀರಿನ ಬೋರು ಮಂಜೂರಾಯಿತು. ನೀರು ನೋಡುವವರು ಎರಡು ಜಾಗ ಗುರುತಿಸಿದರು. ಒಂದು ಶಾಲೆಯ ಹಿಂದೆ, ಇನ್ನೊಂದು ಬೊಮ್ಮಮ್ಮನ ಗಂಡ ಸಣ್ಣನ ಶುಂಠಿ ಹೊಲದ ಅಂಚಿನಲ್ಲಿ. ಹೊಲದ ಕಡೆಯೇ ನೀರು ಜಾಸ್ತಿ ಅಂದರು. ಶಿವಶಂಕರ ಯಾರನ್ನೂ ಕೇಳದೆ ಹೊಲದ ಹೆಸರನ್ನೇ ಹಾಕಿ ಠರಾವು ಸಿದ್ಧಮಾಡಿಕೊಂಡು ಸಭೆಗೆ ಬಂದ.

"ಅಲ್ಲೇ ಕೊರೆಸ್ರಮ್ಮ, ಯಾರು ಬ್ಯಾಡ ಅಂತಾರೆ?" ಅಂದ ಸದಸ್ಯ ಪುಟ್ಟಸ್ವಾಮಿ.

ಬೊಮ್ಮಮ್ಮ ಕಾಗದ ಪಕ್ಕಕ್ಕೆ ಸರಿಸಿದಳು. "ಶುಂಠಿ ಒಣಗ್ತಾ ನಿಂತಾಗ ಬದೀಲೇ ಬೋರಿದ್ರೆ ನಮ್ ಮನೆಯೋರು ಸುಮ್ನಿರ್ತಾರಾ? ಇರಾಕಿಲ್ಲ. ನಾನೂ ಇರಾಕಿಲ್ಲ. ನಮ್ ಹೊಲದ ಮಾತಿಗೆ ನಾನು ಈ ಕುರ್ಚೀಲಿ ಕೂರಬಾರ್ದು. ಅಂಗಂತ ಪುಸ್ತಕದಲ್ಲಿ ಬರ್ಕೊಳ್ಳಿ ಸಾರ್. ಉಪಾಧ್ಯಕ್ಷರು ನಡಸ್ಲಿ."

ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು.

ತನಗೆ ಲಾಭವಿರುವ ವಿಷಯದಲ್ಲಿ ಸದಸ್ಯರು ಮತ ಹಾಕಬಾರದೆಂಬ ನಿಯಮ ಶಿವಶಂಕರನ ಮೇಜಿನೊಳಗೇ ಇತ್ತು. ಅದನ್ನು ಒಂದು ಸಭೆಯಲ್ಲೂ ಅವನು ಓದಿ ಹೇಳಿರಲಿಲ್ಲ. ಉಪಾಧ್ಯಕ್ಷೆ ಶೋಭಾ ಕೈ ಎತ್ತಿಸಿದಾಗ ಶಾಲೆಯ ಕಡೆ ಆರು ಕೈ, ಹೊಲದ ಕಡೆ ನಾಲ್ಕು. ಅವನು ತಾನು ತಂದಿದ್ದ ಠರಾವನ್ನು ಹರಿದು ಹೊಸದನ್ನು ಬರೆದ.

ಶಾಲೆಯ ಹಿಂದೆ ನೀರು ಬಂತು. ಚಿಮ್ಮಿ ಬರಲಿಲ್ಲ, ಹಾಡಿಗೆ ಸಾಕಾಗುವಷ್ಟು ಬಂತು. ಸಣ್ಣ ಮಾತ್ರ ನಾಲ್ಕು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. "ಅಧ್ಯಕ್ಷೆ ಆಗಿ ಏನ್ ಬಂತು?" ಅಂತ ಅವನು ಐದನೇ ದಿನ ರೇಗಿದರೆ, "ಬೋರು ಬಂತಲ್ಲ" ಅಂದಳಂತೆ ಬೊಮ್ಮಮ್ಮ.

ಮುಂದಿನ ತಿಂಗಳು ಮೋರಿ ಕೆಲಸದ ವಿಷಯ ಸಭೆಗೆ ಬಂತು. ಅದರ ಗುತ್ತಿಗೆ ಕೇಳಿದ್ದವರ ಹೆಸರುಗಳನ್ನು ಶಿವಶಂಕರ ಗಟ್ಟಿಯಾಗಿ ಓದಿದ. ಆ ನಿಯಮವನ್ನೂ ಓದಿದ. ಪುಟ್ಟಸ್ವಾಮಿ ಒಂದೆರಡು ಸಲ ಬೊಮ್ಮಮ್ಮನ ಕಡೆ ನೋಡಿದ. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ.

"ಮೂರನೇ ಹೆಸರು ನನ್ ಅಳಿಯಂದು ಕಣ್ರೀ. ನಾನು ಆಚೆ ಕೂತಿರ್ತೀನಿ, ಬರ್ಕೊಳ್ಳಿ."

ಶಿವಶಂಕರ ಗಡಿಯಾರ ನೋಡಿ, ಅವನು ಹೊರನಡೆದ ಹೊತ್ತನ್ನು ಪುಸ್ತಕದಲ್ಲಿ ನಿಧಾನವಾಗಿ, ದುಂಡಗೆ ಬರೆದ.