ಮೂರು ಸಲ ಕಂಡ ಮನೆ

ಯಾರ ಮನೆಯಲ್ಲಿ ಯಾವ ಬೀಜ ಇದೆ ಎಂದು ರೈತ ಮಹಿಳೆಯರಿಗೆ ತೋರಿಸುವ ಮುಕ್ತ ತಂತ್ರಾಂಶವೊಂದನ್ನು ಜಹೀರಾಬಾದಿನ ಸರಿತಾ ಇಬ್ಬರು ಗೆಳೆಯರ ಜೊತೆ ಕಟ್ಟಿದ್ದಳು. ಬಿತ್ತನೆಗೆ ಮೊದಲು ಹೊಸ ಆವೃತ್ತಿ ಕೊಡುತ್ತೇನೆಂದು ಪಸ್ತಾಪುರದ ರೈತ ಮಹಿಳಾ ಸಂಘದ ಕೌಶಲ್ಯಾಗೆ ಮಾತು ಕೊಟ್ಟು, ಎರಡು ಶನಿವಾರ ತಪ್ಪಿಸಿದ್ದಳು. ನಾಳೆ ಮೂರನೆಯದು.

ಸಂಜೆ ಪರೀಕ್ಷಿಸಿದಾಗ, ಹೊಸದಾಗಿ ಸೇರಿಸಿದ ಪ್ರತಿ ಮನೆಯೂ ಪಟ್ಟಿಯಲ್ಲಿ ಮೂರು ಸಲ ಕಂಡಿತು. ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಹೊಸ ಮನೆ ಕಾಣುತ್ತಿಲ್ಲ ಎಂಬ ಒಂದೇ ದೂರು ಕನ್ನಡ, ತೆಲುಗು, ಉರ್ದುಗಳಲ್ಲಿ ಮೂರು ಸಲ ದಾಖಲಾಗಿತ್ತು. ಆ ಗೆಳೆಯರಾದ ನಾರಾಯಣಖೇಡದ ವೀರಭದ್ರ, ತಾಂಡೂರಿನ ಬಾಲರಾಜ ಮತ್ತು ಸ್ವತಃ ಸರಿತಾ ತಲಾ ಒಂದನ್ನು ಬೇರೆ ಬೇರೆಯಾಗಿ ಸರಿಪಡಿಸಿದ್ದರು; ಹಾಗಾಗಿ ಒಂದೇ ಮನೆ ಮೂರು ಸಲ ಪಟ್ಟಿಗೆ ಸೇರುತ್ತಿತ್ತು.

“ಮೂರೂ ಭಾಷೆ ಬರ್ತಾವಲ್ಲೋ ನಿನಗ, ಉಳಿದೆರಡು ದೂರು ಓದಲಿಲ್ಲೇನು?” ಸರಿತಾ ಫೋನಿನಲ್ಲಿ ವೀರಭದ್ರನನ್ನು ಕೇಳಿದಳು.

“ಓದೀನ್ರಿ ಅಕ್ಕಾ. ಬಾಲರಾಜನ ಕೆಲಸ ಬಾಲರಾಜಗ ಅಂತ ಬಿಟ್ಟೆ. ನೀವೂ ಹಂಗೇ ಬಿಟ್ಟೀರಿ.”

ಅದು ನಿಜವಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಎರಡು ತಿದ್ದುಪಡಿ ತೆಗೆದು ಮತ್ತೆ ಪರೀಕ್ಷಿಸಲು ಎರಡು ದಿನ ಬೇಕಿತ್ತು. ಅವಳು ಕೌಶಲ್ಯಾಗೆ ಫೋನು ಮಾಡಿದಳು.

“ಸೋಮವಾರ ಕೊಡ್ತೀನ್ರಿ.”

“ಯಾವ ಸೋಮವಾರ ಅಂತ ಹೇಳವ್ವಾ. ಶನಿವಾರ ಭಾಳ ನೋಡೀನಿ.”

ಸರಿತಾ ತಾರೀಖು ಹೇಳಿದಳು. ಆಮೇಲೆ ಮೂರು ದೂರುಗಳನ್ನು ಒಂದಾಗಿ ಸೇರಿಸಿ, ಆ ತಾರೀಖನ್ನೂ ಅದರ ಮುಂದೆ ಒಂದೇ ಹೆಸರನ್ನೂ ಬರೆದಳು. ಹೆಸರು ತನ್ನದೇ.