ಹಾಸಿಗೆಯಡಿಯ ಹಲಸಿನ ಬೀಜ

ಯುದ್ಧ ಮುಗಿದ ವರ್ಷದ ಆಟಿ ತಿಂಗಳು, ಜಡಿಮಳೆಯ ಕಾಲ. ಹೊಳೆ ತುಂಬಿ ದೋಣಿ ನಿಂತದ್ದರಿಂದ, ನೆಂಟರ ಮನೆಯಿಂದ ಮಧೂರಿಗೆ ಮರಳುತ್ತಿದ್ದ ಮೋಹಿನಿಯೂ ಅವಳ ಸೋದರಮಾವನೂ ಸುಂದರಿಯ ಮನೆಯಲ್ಲಿ ಉಳಿದರು. ಸುಂದರಿಯ ಮಗ ಜಯಪಾಲನಿಗೆ ಮದುವೆಗೆ ಕೇಳಿದ್ದ ಹುಡುಗಿ ಅವಳು.

ಸುಂದರಿಯ ಅತ್ತೆಗೆ ಅಷ್ಟೇ ಸಾಕಾಯಿತು. "ಮೂರು ಹಾಸಿಗೆ ಹಾಸು, ಅಡಿಯಲ್ಲೊಂದು ಹಲಸಿನ ಬೀಜ ಇಡು. ದೊಡ್ಡ ಮನೆತನದ ಮೈಯಾದರೆ ಚುಚ್ಚುತ್ತದೆ. ಗೊರಕೆ ಹೊಡೆದರೆ ನಮಗೆ ಬೇಡ."

ಸುಂದರಿಗೆ ಬೇಕಾದದ್ದು ಮನೆತನವಲ್ಲ, ಒಲೆಯ ಮುಂದೆ ಇನ್ನೊಂದು ಜೊತೆ ಕೈ. ಒಬ್ಬಳೇ ದುಡಿದು ಅವಳ ಎಲುಬುಗಳೂ ಬೇಸತ್ತಿದ್ದವು.

ಬೆಳಿಗ್ಗೆ ಒಲೆ ಊದುವಾಗಲೇ ಅವಳಿಗೆ ನೆನಪಾಯಿತು. ಬೀಜ ಇಟ್ಟೇ ಇರಲಿಲ್ಲ. ಸುಸ್ತಿನಲ್ಲಿ ಇದ್ದ ಬೀಜವನ್ನೆಲ್ಲ ಸಾಂಬಾರಿಗೆ ಹಾಕಿಬಿಟ್ಟಿದ್ದಳು. ಹುಡುಗಿ ಸುಖವಾಗಿ ಮಲಗಿರುತ್ತಾಳೆ, ಸಂಬಂಧ ಅಲ್ಲಿಗೆ ಮುಗಿಯಿತು.

ಜಗಲಿಯಲ್ಲಿ ಅತ್ತೆ ಕೇಳುತ್ತಿದ್ದರು. "ಎಂತ ಮಗಳೇ, ನಿದ್ದೆ ಬಂತಾ?"

"ಇಲ್ಲ ಅಜ್ಜಿ, ಕಣ್ಣು ಮುಚ್ಚಲಿಕ್ಕೇ ಆಗಲಿಲ್ಲ."

"ನೋಡಿದಿರಾ! ರಕ್ತ ಸುಳ್ಳು ಹೇಳುವುದುಂಟಾ ಮಾರಾಯರೇ!" ಎಂದು ಅತ್ತೆ ಸೋದರಮಾವನತ್ತ ಎಲೆಯಡಿಕೆಯ ತಟ್ಟೆ ದೂಡಿದರು.

ಮೋಹಿನಿ ಅಡುಗೆಮನೆಗೆ ಬಂದಳು. ಇವಳೂ ಸುಳ್ಳು ಕಲಿತವಳೇ ಅಂದುಕೊಂಡು ಸುಂದರಿ ಕೇಳಿದಳು, "ಎಲ್ಲಿ ಚುಚ್ಚಿತು?"

"ಚುಚ್ಚಲಿಕ್ಕೆ ಎಂತ ಉಂಟು? ಹಾಸಿಗೆ ಮೆತ್ತಗಿತ್ತು. ನೀವು ರಾತ್ರಿಯಿಡೀ ಕೆಮ್ಮುತ್ತಿದ್ದಿರಿ. ಮತ್ತೆ ನಿದ್ದೆ ಹೇಗೆ ಬರುತ್ತದೆ?"

ಆ ಕೆಮ್ಮು ಶುರುವಾಗಿ ವರ್ಷವಾಗಿತ್ತು. ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ.

ಮೋಹಿನಿ ಊದುಗೊಳವೆಗೆ ಕೈ ಚಾಚಿದಳು. ಸುಂದರಿ ಬೇಡವೆನ್ನಲಿಲ್ಲ. ಗೋಡೆಗೆ ಒರಗಿ ಕೂತವಳು, ಅತ್ತೆ ಚಹಾಕ್ಕೆ ಕರೆದರೂ ಏಳಲಿಲ್ಲ.