ಸಿಸ್ಟರ್ ನಸಾಂಬು ಬಗ್ಗೆ ನಾನು ಬರೆದ ಮೂರು ಬರಹ

ನಮ್ಮ ಜಿಲ್ಲೆಯ, ಅಂದರೆ ಕೌಂಟಿಯ, ಗವರ್ನರ್ ಚುನಾವಣೆಗೆ ನಮ್ಮ ಪಕ್ಷದಿಂದ ನಿಂತಿದ್ದ ಖಾಯೆಂಬಾ ತನ್ನ ಜೊತೆ ಉಪ ಗವರ್ನರ್ ಸ್ಥಾನಕ್ಕೆ ಯಾರು ನಿಲ್ಲುತ್ತಾರೆಂದು ಹೇಳಿದ ದಿನ ನಾನು ವೇದಿಕೆಯ ಪಕ್ಕದಲ್ಲೇ ಫೋನ್ ಹಿಡಿದು ನಿಂತಿದ್ದೆ. ಗುತ್ತಿಗೆದಾರ ಸಿಮಿಯುನ ಹೆಸರೇ ಬರುತ್ತದೆಂದು ಎಲ್ಲರೂ ಎದುರು ನೋಡುತ್ತಿದ್ದರು. ಅವನನ್ನು ಹೊಗಳಿ ಬರೆದ ಲೇಖನ ನನ್ನ ಫೋನಿನಲ್ಲಿ ಸಿದ್ಧವಾಗಿತ್ತು, ಒತ್ತುವುದೊಂದೇ ಬಾಕಿ.

ಖಾಯೆಂಬಾ ಮೈಕಿನ ಮುಂದೆ ಬಂದು, "ಸಿಸ್ಟರ್ ನಸಾಂಬು" ಅಂದ.

ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ ನೀಲಿ ಸ್ವೆಟರಿನ ಹೆಂಗಸೊಬ್ಬಳು ಎದ್ದಳು. ಮೂವತ್ತು ವರ್ಷ ಆರೋಗ್ಯ ಕೇಂದ್ರದಲ್ಲಿ ದುಡಿದ ನರ್ಸ್. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಫೋನನ್ನು ಜೇಬಿಗಿಳಿಸಿ ಆಕೆಯ ಕಣ್ಣು ತಪ್ಪಿಸಿದೆ.

ಅದಕ್ಕೆ ಕಾರಣವಿತ್ತು. ಎಲ್ಗಾನ್ ಬೆಟ್ಟದ ಕೆಳಗಿನ ನಮ್ಮ ಕೌಂಟಿಯ ಸುದ್ದಿ ನೈರೋಬಿಯ ಪತ್ರಿಕೆಗಳಲ್ಲಿ ಬರುವುದು ಅಪರೂಪ. ಜನ ಓದುವುದು ನಮ್ಮಂಥವರ ಬ್ಲಾಗನ್ನು. ನಾನು ಶಾಲೆಯ ಕೆಲಸ ಬಿಟ್ಟು 'ಬೆಟ್ಟದ ದನಿ' ಎಂಬ ಬ್ಲಾಗ್ ಶುರು ಮಾಡಿ ಆರು ವರ್ಷವಾಗಿತ್ತು. ಕೆಲಸ ಬಿಟ್ಟರೂ ಮೇಷ್ಟ್ರು ಎಂಬ ಹೆಸರು ಬಿಡಲಿಲ್ಲ. ಮೇಷ್ಟ್ರು ಬರೆದದ್ದು ಎಂದರೆ ಜನ ನಂಬುತ್ತಿದ್ದರು. ನಾಲ್ಕು ವರ್ಷದ ಹಿಂದೆ ನರ್ಸುಗಳು ಮುಷ್ಕರ ಹೂಡಿದಾಗ ಅಧಿಕಾರದಲ್ಲಿದ್ದದ್ದು ನಮ್ಮ ಪಕ್ಷ, ಮುಷ್ಕರದ ಮುಂದಾಳು ಸಿಸ್ಟರ್ ನಸಾಂಬು. ಆ ದಿನಗಳಲ್ಲೇ ಜ್ವರ ಬಂದಿದ್ದ ಒಂದು ಕೂಸು ಆರೋಗ್ಯ ಕೇಂದ್ರದ ಮುಚ್ಚಿದ ಗೇಟಿನ ಮುಂದೆ ತೀರಿಕೊಂಡಿತು. 'ಕೀಲಿ ಇದ್ದದ್ದು ಅವಳ ಜೇಬಿನಲ್ಲಿ' ಎಂದು ನಾನು ಬರೆದೆ. ಪಕ್ಷದ ಕಚೇರಿಯಿಂದ ಯಾರೋ ಫೋನಿನಲ್ಲಿ ಹಾಗೆ ಹೇಳಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಹೆಸರು ಹೊರಬಿದ್ದ ಮೇಲೆ ಮೂರು ದಿನ ನಮ್ಮವರೇ ಬೈದರು. "ಸೂಜಿ ಚುಚ್ಚೋಳಿಗೆ ಯಾರು ಓಟು ಹಾಕ್ತಾರೆ?" ಎಂದರು. ನಾಲ್ಕನೆಯ ದಿನ ಪ್ರಚಾರದ ಉಸ್ತುವಾರಿ ಮಕೋಖಾ ನಮ್ಮ ಪಕ್ಷದ ಆರು ಮಂದಿ ಬ್ಲಾಗಿಗರನ್ನು ಹೋಟೆಲಿನ ಹಿಂದಿನ ಕೋಣೆಗೆ ಕರೆಸಿ ಚಹಾ ಕುಡಿಸಿದ.

"ನಿನ್ನೆವರೆಗೆ ಬೈದಿದ್ದು ಬೈದಾಯ್ತು. ಇವತ್ತಿಂದ ಆಕೆ ಈ ಕೌಂಟಿಯ ತಾಯಿ. ತಿಳೀತಾ? ಮೇಷ್ಟ್ರೇ, ನಿಮ್ದೊಂದು ಹಳೇ ಲೇಖನ ಇದೆಯಲ್ಲ, ಅದು ಇರಬಾರದು."

"ಜನ ನೆನಪಿಟ್ಕೊಂಡಿರ್ತಾರೆ ಕಣಯ್ಯಾ."

ಅವನು ನಕ್ಕ. "ಜನ ನೆನಪಿಟ್ಕೊಳ್ಳೋದನ್ನ ಬರೆಯೋರು ನೀವೇ ಅಲ್ವ್ರಾ?"

ನಾನು ಹಳೆಯದನ್ನು ಅಳಿಸಿದೆ. 'ಐನೂರು ಕೂಸುಗಳನ್ನು ಎತ್ತಿಕೊಂಡ ಕೈ' ಎಂದು ಆಕೆ ಮಾಡಿಸಿದ ಹೆರಿಗೆಗಳ ಬಗ್ಗೆ ಹೊಸದು ಬರೆದೆ. ಐನೂರು ಎಂಬ ಸಂಖ್ಯೆ ನನ್ನದೇ, ಕಿವಿಗೆ ಚೆನ್ನಾಗಿತ್ತು. ವಾರ ಕಳೆಯುವುದರೊಳಗೆ ಕ್ಷೌರದಂಗಡಿಯಲ್ಲೂ, ಬಾಡಿಗೆಗೆ ಓಡಿಸುವ ಬೋಡಾ ಬೈಕಿನವರು ನಿಲ್ಲುವ ಮರದ ಕೆಳಗೂ ಅದೇ ಮಾತು.

ಮನೆಗೆ ಹೋದರೆ ಅವ್ವ ಅಂಗಳದಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ನಾಲ್ಕು ವರ್ಷದಿಂದ ಚರ್ಚಿನಲ್ಲಿ ಸಿಸ್ಟರ್ ಬಂದು ಕೂತ ಬೆಂಚಿನಿಂದ ಎದ್ದು ಹೋಗುತ್ತಿದ್ದವಳು ಅವಳು.

"ಆ ಸಿಸ್ಟರ್ ಎಂಥ ಹೆಂಗಸೋ! ಐನೂರು ಕೂಸು ಎತ್ತಿದ ಕೈ ಅದು," ಅಂದಳು.

"ಯಾರು ಹೇಳಿದ್ರವ್ವ?"

"ಯಾರ್ ಹೇಳ್ಬೇಕು? ಊರಿಗೇ ಗೊತ್ತಿರೋದು."

"ಮತ್ತೆ ನೀನು ಆಕೆ ಪಕ್ಕ ಕೂರ್ತಿರಲಿಲ್ಲವಲ್ಲ?"

"ನಾನಾ? ಯಾವಾಗಲೋ? ಸುಮ್ಸುಮ್ನೆ ಏನಾದ್ರೂ ಹೇಳ್ಬೇಡ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅವಳಿಗೆ ನೆನಪಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಎರಡು ದಿನ ಬಿಟ್ಟು ಎದುರು ಪಕ್ಷದ ಬ್ಲಾಗಿಗ ಸಿಕುಕು ನನ್ನ ಹಳೆಯ ಲೇಖನವನ್ನು ಎಲ್ಲಿಂದಲೋ ಹೆಕ್ಕಿ, ನನ್ನ ಫೋಟೋ ಸಮೇತ ಹಾಕಿದ. 'ಇದನ್ನು ನಾವು ಹೇಳುತ್ತಿಲ್ಲ, ಅವರ ಮೇಷ್ಟ್ರೇ ಹೇಳಿದ್ದಾರೆ' ಎಂದು ಮೇಲೊಂದು ಸಾಲು. ಮರದ ಕೆಳಗಿನ ಮಾತು ಮತ್ತೆ ಮಗುಚಿ ಬಿತ್ತು. ಮಕೋಖಾ ಫೋನ್ ಮಾಡಿ, "ಅದು ಸಿಕುಕು ಕಟ್ಟಿದ ಸುಳ್ಳು ಅಂತ ಬರೀರಿ, ಈಗ್ಲೇ," ಅಂದ.

ಬರೆಯಲು ಕೂತೆ, ಆಗಲಿಲ್ಲ. ಎದ್ದು ಸಿಸ್ಟರ್ ಮನೆಗೆ ಹೋದೆ.

ಆಕೆ ತಾಡಪಾಲಿನ ಮೇಲೆ ಜೋಳ ಹರವುತ್ತಿದ್ದಳು. ನನ್ನನ್ನು ನೋಡಿ ಸ್ಟೂಲು ತೋರಿಸಿದಳು.

"ಮೇಷ್ಟ್ರೇ, ಐನೂರು ಎಲ್ಲಿಂದ ಬಂತು?"

ನಾನು ಮಾತು ತಿರುಗಿಸಿದೆ. "ಅವತ್ತು ಗೇಟಿನ ಹತ್ರ ನೀವು ಇರಲೇ ಇಲ್ಲ ಅಂತ ಬರೀಲಾ ಸಿಸ್ಟರ್?"

"ಇದ್ದೆ." ಆಕೆ ಜೋಳದಿಂದ ಕೈ ತೆಗೆಯಲಿಲ್ಲ. "ಹಿಂದಿನ ಓಣೀಲಿ ಸಭೆ ನಡೀತಿತ್ತು. ಅಳು ಕೇಳಿ ಓಡಿದೆ. ಕೀಲಿ ಕಾವಲುಗಾರನ ಹತ್ರ ಇತ್ತು, ಅವನು ಊಟಕ್ಕೆ ಹೋಗಿದ್ದ. ಒಳಗಿಂದ ಔಷಧಿ ತರೋಕೆ ಗೇಟ್ ಹತ್ತಿ ಇಳಿಯೋ ಹೊತ್ತಿಗೆ ಕೂಸು ಹೋಗಿತ್ತು. ಕೀಲಿ ನನ್ನ ಜೇಬಲ್ಲಿ ಇರಲಿಲ್ಲ, ಅದು ಸುಳ್ಳು. ಆದ್ರೆ ಮುಷ್ಕರ ಕರೆದಿದ್ದು ನಾನು. ಗೇಟ್ ಮುಚ್ಚಿ ಅಂದಿದ್ದೂ ನಾನೇ. ತಪ್ಪು ನನ್ನದು ಅಂತ ನೀವು ಒಂದು ಸಲ ಬರೆದ್ರಿ. ನಾನು ದಿನಾ ನನಗೇ ಹೇಳ್ಕೋತೀನಿ."

"ಖಾಯೆಂಬಾ ಅವರಿಗೆ ಗೊತ್ತಾ?"

"ಹೇಳಿದೀನಿ. ಹೇಳಿದ ಮೇಲೇ ಕರೆದದ್ದು." ತಾಡಪಾಲಿನ ಅಂಚು ಎಳೆದು ಸರಿಮಾಡಿ ಕೇಳಿದಳು: "ನೇಲಿಮಾ ಹತ್ರ ಹೋಗಿದ್ರಾ?"

ನೇಲಿಮಾ ಆ ಕೂಸಿನ ತಾಯಿ.

"ಇಲ್ಲ."

"ನನ್ನ ಬಗ್ಗೆ ಎರಡು ಸಲ ಬರೆದ್ರಿ. ಒಂದು ಸಲಾನೂ ಹೋಗ್ಲಿಲ್ಲ."

ಗುರುವಾರದ ಸಂತೆಯಲ್ಲಿ ನೇಲಿಮಾ ಒಣಮೀನು ಮಾರುತ್ತಾಳೆ. ನಾನು ಯಾರೆಂದು ಹೇಳಿದೆ. ಅವಳು ಗಿರಾಕಿಗೆ ಮೀನು ಅಳೆದು ಕೊಟ್ಟು, ಕೈ ಒರೆಸಿಕೊಂಡು ತಿರುಗಿದಳು.

"ನನ್ನ ಮಗಳಿಗೆ ಹೆಸರಿತ್ತು ಮೇಷ್ಟ್ರೇ. ನಫೂಲಾ. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ಆ ಹೆಸರು. ನೀವು ಕೂಸು ಕೂಸು ಅಂತ ಬರೆದ್ರಿ. ಈಗ ಅವನ್ಯಾರೋ ಸಿಕುಕು, ಅವನೂ ಕೂಸು ಅಂತಾನೆ."

"ಸಿಸ್ಟರ್ ಬಗ್ಗೆ ನಿಮಗೆ…"

"ಮಣ್ಣಿಗೆ ಬಂದಿದ್ಲು. ಎಲ್ಲರಿಗಿಂತ ಹಿಂದೆ ನಿಂತಿದ್ಲು. ನಾನು ಕ್ಷಮಿಸಿದೀನಾ, ಇಲ್ವಾ ಅನ್ನೋದು ನನಗೂ ಅವಳಿಗೂ ಬಿಟ್ಟಿದ್ದು. ಅದನ್ನ ಬರೀಬೇಡಿ. ಗೇಟ್ ಮುಚ್ಚಿತ್ತು ಅಂತ ಬರೀರಿ. ನಾನು ಕೂಗಿದೆ ಅಂತ ಬರೀರಿ. ಕೀಲಿ ಯಾರ ಹತ್ರ ಇತ್ತೋ ನಾನು ನೋಡಿಲ್ಲ. ಹಾಗಂತಾನೇ ಬರೀರಿ."

ಕಾವಲುಗಾರ ಎಲ್ಲಿದ್ದಾನೆಂದು ಕೇಳಿಕೊಂಡು ಹೋದೆ. ಕೀಲಿ ತನ್ನಲ್ಲೇ ಇತ್ತೆಂದು ಅವನು ಒಪ್ಪಿಕೊಂಡ; ಈವರೆಗೆ ಯಾರೂ ಕೇಳಿರಲಿಲ್ಲವಂತೆ.

ಮೂರನೆಯದನ್ನು ಬರೆದೆ. ಹಳೆಯ ಲೇಖನ ನನ್ನದೇ, ಯಾರನ್ನೂ ಕೇಳದೆ ಬರೆದದ್ದು, ಐನೂರು ಕೂಡ ನನ್ನ ಕಟ್ಟುಕತೆ ಎಂದು ಮೊದಲ ಸಾಲಿನಲ್ಲೇ ಹೇಳಿದೆ. ಆಮೇಲೆ ಮೂವರೂ ಹೇಳಿದ್ದನ್ನು ಹೇಳಿದ ಹಾಗೇ ಇಟ್ಟೆ. ನಫೂಲಾ ಎಂಬ ಹೆಸರು ಬರೆದೆ.

ಸಿಕುಕು ಅದರಿಂದ ಒಂದೇ ಸಾಲು ಎತ್ತಿಕೊಂಡ: 'ಗೇಟ್ ಮುಚ್ಚಿ ಅಂದದ್ದು ನಾನೇ.' ನಮ್ಮವರು ಇನ್ನೊಂದು ಎತ್ತಿಕೊಂಡರು: 'ಕೀಲಿ ಆಕೆಯ ಬಳಿ ಇರಲಿಲ್ಲ.' ಮಧ್ಯದಲ್ಲಿದ್ದ ನೇಲಿಮಾಳ ಮಾತನ್ನು ಯಾರೂ ಮುಟ್ಟಲಿಲ್ಲ. ಮಕೋಖಾ, "ಮೇಷ್ಟ್ರೇ, ಇಷ್ಟು ವರ್ಷ ಒಟ್ಟಿಗೆ ಊಟ ಮಾಡಿ ಹೀಗಾ ಮಾಡೋದು?" ಎಂದು ಫೋನಿಟ್ಟ. ಆಮೇಲೆ ಯಾವ ಸಭೆಗೂ ನನ್ನನ್ನು ಕರೆಯಲಿಲ್ಲ.

ಚುನಾವಣೆಯಲ್ಲಿ ಖಾಯೆಂಬಾ ಕೂದಲೆಳೆಯ ಅಂತರದಲ್ಲಿ ಗೆದ್ದ. ನನ್ನ ಬರಹದಿಂದ ಓಟು ಬಂತೋ ಹೋಯಿತೋ ಹೇಳಬಲ್ಲವರು ಯಾರೂ ಇಲ್ಲ. ಅವ್ವನಿಗೆ ಮಾತ್ರ ನನ್ನ ಮೇಲೆ ಸಿಟ್ಟು. "ಆಕೆ ಒಳ್ಳೇಳೋ ಕೆಟ್ಟೋಳೋ ಅಂತ ನೆಟ್ಟಗೆ ಒಂದು ಮಾತು ಬರೀಬಾರ್ದಾ? ಓದಿದೋರಿಗೆ ತಲೆ ಕೆಡುತ್ತೆ."

"ನಿನಗೆ ಏನನ್ಸುತ್ತೆ ಅವ್ವ?"

"ನನಗಾ?" ಅವಳು ನನ್ನ ಮುಖವನ್ನೇ ನೋಡಿದಳು, ಹಾಗೊಂದು ಪ್ರಶ್ನೆಯನ್ನು ಯಾರೂ ತನಗೆ ಕೇಳಿರಲಿಲ್ಲವೆಂಬಂತೆ. ಆಮೇಲೆ ತನ್ನಷ್ಟಕ್ಕೆ ಯೋಚಿಸತೊಡಗಿದಳು. ಈ ಸಲ ನಾನು ಅವಳಿಗೆ ಏನನ್ನೂ ಹೇಳಿಕೊಡಲಿಲ್ಲ.